ಪ್ರಾಚೀನ ಈಜಿಪ್ಟಿನ ಗೋಡೆಗಳನ್ನು ಓದುವುದು ಹೇಗೆ

ಲಕ್ಸರ್ ಊರಿನ ಎದುರಿಗೆ, ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ, ಬಂಡೆ ಕೊರೆದು ಮಾಡಿದ ನೂರಾರು ಗೋರಿಗಳಿವೆ. ಒಳಗೆ ಇಳಿದವರು ಬಣ್ಣ ನೋಡಿ ಒಂದು ಕ್ಷಣ ಮೂಕರಾಗುತ್ತಾರೆ, ನಾಲ್ಕು ಫೋಟೊ ತೆಗೆಯುತ್ತಾರೆ, ಮೂರನೇ ಗೋರಿಯ ಹೊತ್ತಿಗೆ "ಎಲ್ಲಾ ಒಂದೇ ಥರ ಇದೆಯಲ್ಲ" ಎನ್ನುತ್ತಾರೆ. ಮ್ಯೂಸಿಯಂನಲ್ಲಿ, ಪುಸ್ತಕದಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ನೋಡುವವರ ಕತೆಯೂ ಇದೇ. ಪಕ್ಕಕ್ಕೆ ತಿರುಗಿದ ಮುಖ, ಮುಂದೆ ಇಟ್ಟ ಕಾಲು, ಹಕ್ಕಿ, ಹಾವು, ತಟ್ಟೆ ತುಂಬ ಹಣ್ಣು.

ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು. ಒಂದು ಸಂಗತಿ ತಲೆಗೆ ಹೊಕ್ಕ ಮೇಲೆ ಎಲ್ಲವೂ ಬೇರೆಯಾಗಿ ಕಾಣಿಸತೊಡಗಿತು. ಈ ಚಿತ್ರಗಳಲ್ಲಿ ಹೆಚ್ಚಿನವನ್ನು ನೋಡಿ ಆನಂದಿಸಲೆಂದು ಬಿಡಿಸಿದ್ದಲ್ಲ. ಹೆಣ ಇಟ್ಟ ಕೋಣೆಯ ಚಿತ್ರಗಳನ್ನಂತೂ ಬರೆದು ಮುಗಿಸಿ, ಬಾಗಿಲಿಗೆ ಕಲ್ಲು ಕಟ್ಟಿ ಮುಚ್ಚಿಬಿಟ್ಟರು. ಅವು ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ, ಕೆಲಸ ಮಾಡಬೇಕಿತ್ತು. ಗೋಡೆಯ ಮೇಲಿನ ರೊಟ್ಟಿ ಸತ್ತವನ ಹೊಟ್ಟೆ ತುಂಬಿಸಬೇಕು, ಗೋಡೆಯ ಮೇಲಿನ ದೋಣಿ ಅವನನ್ನು ದಾಟಿಸಬೇಕು.

ಇದನ್ನು ಅವರು ಎಷ್ಟು ಅಕ್ಷರಶಃ ನಂಬಿದ್ದರು ಎಂಬುದಕ್ಕೆ ಒಂದು ಗುರುತಿದೆ. ಕೆಲವು ಹಳೆಯ ಶವಕೋಣೆಗಳಲ್ಲಿ, ಬರಹದ ನಡುವೆ ಬರುವ ಹಾವಿನ ಅಕ್ಷರವನ್ನು ತುಂಡರಿಸಿ ಕೊರೆದಿದ್ದಾರೆ. ಅಕ್ಷರವಾಗಿದ್ದರೂ ಅದು ಹಾವೇ. ಜೀವ ಬಂದರೆ ಪಕ್ಕದಲ್ಲಿ ಮಲಗಿದವನನ್ನು ಕಚ್ಚೀತು.

ಆದ್ದರಿಂದ ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಒಂದೇ ಪ್ರಶ್ನೆ ಕೈಯಲ್ಲಿರಲಿ: ಈ ಚಿತ್ರ ಇಲ್ಲಿ ಏನು ಕೆಲಸ ಮಾಡುತ್ತಿದೆ?

ಹೆಜ್ಜೆ 1: ಮೊದಲು ನಿಂತ ಜಾಗ ತಿಳಿಯಿರಿ

ಚಿತ್ರ ನೋಡುವ ಮೊದಲು ದಿಕ್ಕು ನೋಡಿ. ಸೂರ್ಯ ಹುಟ್ಟುವ ಪೂರ್ವ ದಂಡೆಯಲ್ಲಿ ಕಾರ್ನಾಕ್ ಮತ್ತು ಲಕ್ಸರ್ ದೇವಾಲಯಗಳು. ಸೂರ್ಯ ಮುಳುಗುವ ಪಶ್ಚಿಮದಲ್ಲಿ ಗೋರಿಗಳು. ಸತ್ತವರನ್ನು 'ಪಶ್ಚಿಮದವರು' ಎಂದೇ ಕರೆಯುತ್ತಿದ್ದರು. ಎಲ್ಲ ಊರಲ್ಲೂ ಈ ವಿಂಗಡಣೆ ಇಷ್ಟು ಚೊಕ್ಕವಾಗಿಲ್ಲ, ಆದರೆ ಲಕ್ಸರ್‌ನಲ್ಲಿ ಇದು ಕೈದೀಪದಂತೆ ನೆರವಾಗುತ್ತದೆ.

ಗೋರಿಯೊಳಗೆ ಹೋದಿರಿ ಎನ್ನಿ. ಅದರಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಮೇಲಿನದು ಪೂಜಾಕೋಣೆ, ಮನೆಯವರು, ಪುರೋಹಿತರು ಬಂದು ಎಡೆ ಇಡುತ್ತಿದ್ದ ಜಾಗ. ಕೆಳಗೆ ಆಳವಾದ ಬಾವಿಯಂಥ ಗುಂಡಿ, ಅದರ ತಳದಲ್ಲಿ ಶವಕೋಣೆ. ಅಧಿಕಾರಿಗಳ ಗೋರಿಗಳಲ್ಲಿ ಮೇಲಿನ ಕೋಣೆಯ ತುಂಬ ಉಳುಮೆ, ದ್ರಾಕ್ಷಿ ಕೊಯ್ಲು, ಔತಣ, ಮೀನು ಬೇಟೆ. ನಖ್ತ್ ಮತ್ತು ಮೆನ್ನಾ ಎಂಬ ಇಬ್ಬರು ಅಧಿಕಾರಿಗಳ ಗೋರಿಗಳು ಇದಕ್ಕೆ ಒಳ್ಳೆಯ ಮಾದರಿ. ಎರಡೂ ಚಿಕ್ಕವು.

ರಾಜರ ಕಣಿವೆಗೆ ಹೋದರೆ ಹೆಚ್ಚಾಗಿ ಹೊಲವೂ ಇಲ್ಲ, ಔತಣವೂ ಇಲ್ಲ. ರಾಜನಿಗೆ ಬೇರೆ ಕೆಲಸವಿದೆ. ಅವನು ಸೂರ್ಯನ ಜೊತೆ ದೋಣಿಯಲ್ಲಿ ಕೂತು ರಾತ್ರಿಯ ಹನ್ನೆರಡು ಗಂಟೆಗಳನ್ನು ದಾಟಿ ಬೆಳಗ್ಗೆ ಮರುಹುಟ್ಟು ಪಡೆಯಬೇಕು. ಮೂರನೇ ತುತ್ಮೋಸ್‌ನ ಶವಕೋಣೆಯ ಗೋಡೆಗೆ ಆ ಹನ್ನೆರಡು ಗಂಟೆಗಳ ಪಯಣವನ್ನು, ದೊಡ್ಡದೊಂದು ಪಪೈರಸ್ (ಜೊಂಡಿನ ಹಾಳೆ) ಸುರುಳಿ ಬಿಚ್ಚಿ ಅಂಟಿಸಿದ ಹಾಗೆ, ಕಡ್ಡಿಯಂಥ ಸರಳ ಗೆರೆಗಳಲ್ಲಿ ಬರೆದಿದ್ದಾರೆ. ತುತಂಖಾಮುನ್‌ನ ಪುಟ್ಟ ಗೋರಿಯಲ್ಲಿ ಒಂದು ಗೋಡೆಯ ಮೇಲೆ ಹನ್ನೆರಡು ಕೋತಿಗಳು ಸಾಲಾಗಿ ಕೂತಿವೆ. ಅದು ಅದೇ ಪಯಣದ ಮೊದಲ ಗಂಟೆ. ಆರನೇ ರಾಮ್ಸೆಸ್‌ನ ಶವಕೋಣೆಯಲ್ಲಿ ತಲೆಯೆತ್ತಿ ನೋಡಿ: ಆಕಾಶದೇವತೆ ನೂತ್ ಚಾವಣಿಯುದ್ದಕ್ಕೂ ಮೈಚಾಚಿದ್ದಾಳೆ. ಸಂಜೆ ಸೂರ್ಯನನ್ನು ನುಂಗುತ್ತಾಳೆ, ಬೆಳಗ್ಗೆ ಹೆರುತ್ತಾಳೆ.

ಹೆಜ್ಜೆ 2: ಮುಖಗಳು ಯಾವ ಕಡೆ ತಿರುಗಿವೆ?

ಒಂದೇ ಒಂದು ಹೆಜ್ಜೆ ನೆನಪಿಟ್ಟುಕೊಳ್ಳಲು ಸಾಧ್ಯ ಎಂದಾದರೆ ಇದನ್ನು ಇಟ್ಟುಕೊಳ್ಳಿ.

ಮನೆಯ ಯಜಮಾನ ಹೊರಗೆ ಮುಖ ಮಾಡುತ್ತಾನೆ, ಬರುವವರು ಒಳಗೆ ಮುಖ ಮಾಡುತ್ತಾರೆ. ಗೋರಿಯಲ್ಲಿ ಯಜಮಾನ ಸತ್ತವನು. ಕುಳಿತು ಅಥವಾ ನಿಂತು ಬಾಗಿಲ ಕಡೆ ನೋಡುತ್ತಾನೆ. ಬಾತುಕೋಳಿ, ಹೂವು, ಹಣ್ಣು ಹೊತ್ತವರು ಅವನ ಕಡೆ ನಡೆಯುತ್ತಾರೆ. ದೇವಾಲಯದಲ್ಲಿ ಯಜಮಾನ ದೇವರು. ಅವನು ಗರ್ಭಗುಡಿಯಿಂದ ಹೊರಗೆ ನೋಡುತ್ತಾನೆ, ರಾಜ ಒಳಮುಖವಾಗಿ ನಡೆದುಬಂದು ಅರ್ಪಿಸುತ್ತಾನೆ. ಇಷ್ಟು ಗೊತ್ತಿದ್ದರೆ ಅಕ್ಷರ ಬಾರದಿದ್ದರೂ ಯಾರು ಕೊಡುವವರು, ಯಾರು ಪಡೆಯುವವರು ಎಂದು ಹೇಳಬಹುದು.

ಬರಹಕ್ಕೂ ಇದೇ ಕೀಲಿಕೈ. ಈಜಿಪ್ಟಿನ ಚಿತ್ರಲಿಪಿಯನ್ನು ಎಡದಿಂದ ಬಲಕ್ಕೂ ಬರೆಯುತ್ತಿದ್ದರು, ಬಲದಿಂದ ಎಡಕ್ಕೂ, ಮೇಲಿನಿಂದ ಕೆಳಕ್ಕೂ. ಹಕ್ಕಿ, ಮನುಷ್ಯ, ಹಾವು ಯಾವ ಕಡೆ ನೋಡುತ್ತಿವೆಯೋ ಆ ಕಡೆಯಿಂದ ಓದಲು ಶುರುಮಾಡಬೇಕು. ಸಾಮಾನ್ಯವಾಗಿ ಒಂದು ಆಕೃತಿಯ ಮಾತಿನ ಅಕ್ಷರಗಳು ಆ ಆಕೃತಿ ನೋಡುವ ದಿಕ್ಕಿಗೇ ನೋಡುತ್ತವೆ. ಹಾಗಾಗಿ ರಾಜ ಮತ್ತು ದೇವರು ಎದುರುಬದುರು ನಿಂತಲ್ಲಿ, ನಡುವಿನ ಯಾವ ಸಾಲು ಯಾರ ಮಾತು ಎಂದು ಹಕ್ಕಿಗಳ ಕೊಕ್ಕು ನೋಡಿಯೇ ಹೇಳಬಹುದು.

ಹೆಜ್ಜೆ 3: ದೊಡ್ಡವನನ್ನು ಹುಡುಕಿ, ಗೆರೆ ಹಿಡಿದು ನಡೆಯಿರಿ

ದೊಡ್ಡದಾಗಿ ಬರೆದಿದ್ದಾರೆಂದರೆ ಆತ ಹತ್ತಿರ ನಿಂತಿದ್ದಾನೆ ಎಂದಲ್ಲ, ಮುಖ್ಯನಾದವನು ಎಂದು ಅರ್ಥ. ಗೋಡೆಯನ್ನು ಅಡ್ಡಗೆರೆಗಳಿಂದ ಪಟ್ಟಿಪಟ್ಟಿಯಾಗಿ ಹಂಚಿರುತ್ತಾರೆ. ಪ್ರತಿ ಗೆರೆಯೂ ಒಂದು ನೆಲ. ಬೇಸಾಯದ ದೃಶ್ಯಗಳಲ್ಲಿ ಒಂದು ಪಟ್ಟಿಯಲ್ಲಿ ಉತ್ತು ಬಿತ್ತುವುದು, ಇನ್ನೊಂದರಲ್ಲಿ ಕೊಯ್ಲು, ಮತ್ತೊಂದರಲ್ಲಿ ತೂರುವುದು, ಅಳೆಯುವುದು. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ ನೋಡಿ. ಕೆಲಸದ ಸರದಿ ತಾನೇ ಹೊಂದಿಕೊಳ್ಳುತ್ತದೆ.

ಗೆರೆ ಇಲ್ಲದ ಕಡೆ ಗಮನಿಸಿ. ಯುದ್ಧಭೂಮಿಯಲ್ಲಿ ಬಿದ್ದ ಶತ್ರುಗಳಿಗೆ, ಮರುಭೂಮಿಯ ಕಾಡುಮೃಗಗಳಿಗೆ ಅನೇಕ ಸಲ ಕಾಲಡಿ ನೇರ ನೆಲವಿರುವುದಿಲ್ಲ. ವ್ಯವಸ್ಥೆಯ ಹೊರಗಿನವರು ಅವರು. ಲೋಕವನ್ನು ಸರಿಯಾಗಿ ಹಿಡಿದಿಟ್ಟ ನಿಯಮಕ್ಕೆ ಈಜಿಪ್ಟಿನವರು ಮಾತ್ ಎನ್ನುತ್ತಿದ್ದರು. ತಲೆಯ ಮೇಲೆ ಒಂದು ಗರಿ ಇಟ್ಟುಕೊಂಡ ದೇವತೆಯೂ ಅವಳೇ.

ಹೆಜ್ಜೆ 4: ಒಂದು ದೇಹವನ್ನು ನೀವೇ ಬಿಡಿಸಿ

ಇದಕ್ಕೆ ಅರ್ಧ ಗಂಟೆ ಕೊಡಿ. ಹತ್ತು ಪುಸ್ತಕ ಓದಿದರೂ ಸಿಗದ ತಿಳಿವಳಿಕೆ ಪೆನ್ಸಿಲ್ ಹಿಡಿದರೆ ಸಿಗುತ್ತದೆ.

ಚೌಕುಳಿ ಹಾಳೆ ತೆಗೆದುಕೊಂಡು ಅಂಗಾಲಿನಿಂದ ಹಣೆಯ ಮೇಲೆ ಕೂದಲು ಶುರುವಾಗುವ ಗೆರೆಯವರೆಗೆ 18 ಚೌಕ ಎಣಿಸಿ. ಮಂಡಿ ಆರನೇ ಗೆರೆಗೆ ಬರಲಿ. ಪೃಷ್ಠದ ಕೆಳಅಂಚು ಒಂಬತ್ತಕ್ಕೆ, ಮೊಣಕೈ ಹನ್ನೆರಡಕ್ಕೆ, ಕುತ್ತಿಗೆ ಹೆಗಲು ಸೇರುವ ಜಾಗ ಹದಿನಾರಕ್ಕೆ. ಗಂಡಸಿನ ಹೆಗಲಿನ ಅಗಲ ಸುಮಾರು ಆರು ಚೌಕ, ಮುಷ್ಟಿ ಒಂದು ಚೌಕ. ಕುಳಿತ ಆಕೃತಿಗೆ 14 ಚೌಕ ಸಾಕು. ಈಗ ಮುಖ ಪಕ್ಕಕ್ಕೆ ಬರೆಯಿರಿ, ಕಣ್ಣನ್ನು ಮಾತ್ರ ಎದುರಿನಿಂದ ಕಂಡಂತೆ ಪೂರ್ತಿಯಾಗಿ ಬರೆಯಿರಿ. ಹೆಗಲು ಎದುರಿಗೆ, ಸೊಂಟದಿಂದ ಕೆಳಗೆ ಮತ್ತೆ ಪಕ್ಕಕ್ಕೆ.

ಬರೆಯುವಾಗಲೇ ಗೊತ್ತಾಗುತ್ತದೆ: ಪ್ರತಿ ಅಂಗವನ್ನೂ ಅದು ಅತ್ಯಂತ ಸ್ಪಷ್ಟವಾಗಿ ಕಾಣುವ ಕೋನದಿಂದಲೇ ತೆಗೆದುಕೊಂಡಿದ್ದಾರೆ. ಮೂಗು ಪಕ್ಕದಿಂದ ಚೆನ್ನಾಗಿ ಕಾಣುತ್ತದೆ, ಕಣ್ಣು ಎದುರಿನಿಂದ. ಈ ದೇಹ ಅನಂತಕಾಲ ಬಳಕೆಗೆ ಬರಬೇಕಲ್ಲ! ನೆರಳಿನಲ್ಲಿ ಅರ್ಧ ಮರೆಯಾದ ಕೈ, ಯಾರದೋ ಹಿಂದೆ ಕಾಣದೆ ಹೋದ ಕಾಲು ಇದ್ದರೆ ಆಗದು. ಎದುರುಮುಖ ಬಿಡಿಸಲು ಅವರಿಗೆ ಬರುತ್ತಿತ್ತು. ನೆಬಾಮುನ್ ಎಂಬವನ ಗೋರಿಯ ಔತಣದ ಚಿತ್ರದಲ್ಲಿ ಕೊಳಲೂದುವ ಹೆಣ್ಣುಮಕ್ಕಳ ನಡುವೆ ನೇರವಾಗಿ ನಮ್ಮ ಕಡೆ ನೋಡುವ ಮುಖಗಳಿವೆ. ಅವರು ಆಳುಗಳು, ಕಲಾವಿದರು. ಆದ್ದರಿಂದ ಅಷ್ಟು ಸ್ವಾತಂತ್ರ್ಯ. ಯಜಮಾನನ ವಿಷಯದಲ್ಲಿ ಹಾಗೆ ಮಾಡುವಂತಿರಲಿಲ್ಲ.

ಚೌಕುಳಿಯನ್ನು ಅವರು ಹಾಕುತ್ತಿದ್ದ ರೀತಿ ನಮ್ಮ ಬಡಗಿಗಳಿಗೂ ಗೊತ್ತಿರುವುದೇ: ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ ದಾರವನ್ನು ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿದು ಮೀಟಿದರೆ ಗೋಡೆಯ ಮೇಲೆ ನೆಟ್ಟನೆ ಕೆಂಪು ಗೆರೆ. ಅದರ ಮೇಲೆ ಕೆಂಪಿನಲ್ಲಿ ಮೊದಲ ರೇಖೆ, ಆಮೇಲೆ ಹಿರಿಯ ಕಲಾವಿದ ಬಂದು ಕಪ್ಪಿನಲ್ಲಿ ತಿದ್ದುತ್ತಾನೆ, ಆಮೇಲೆ ಉಳಿ. ರಾಜರ ಕಣಿವೆಯ ಹೊರೆಮ್‌ಹೆಬ್ ಗೋರಿ ಅರ್ಧಕ್ಕೇ ನಿಂತದ್ದು ನಮ್ಮ ಪುಣ್ಯ. ಅಲ್ಲಿ ಈ ಹಂತಗಳೆಲ್ಲ ಹಾಗೆ ಹಾಗೇ ಉಳಿದಿವೆ. ಕಪ್ಪು ಗೆರೆ ಕೆಂಪು ಗೆರೆಯಿಂದ ಒಂದು ಕೂದಲೆಳೆ ಸರಿದಿರುವ ಜಾಗಗಳನ್ನು ಹುಡುಕಿ. ಮೂರು ಸಾವಿರಕ್ಕೂ ಹೆಚ್ಚು ವರ್ಷದ ಹಿಂದಿನ ಗುರುವೊಬ್ಬ ಶಿಷ್ಯನ ಕೈ ತಿದ್ದಿದ್ದು ಅದು. ನನಗೆ ಯಾವ ಚಿನ್ನದ ಮುಖವಾಡಕ್ಕಿಂತಲೂ ಆ ಗೆರೆ ಹೆಚ್ಚು.

ಈ ಕೆಲಸ ಮಾಡಿದವರು ಹೆಸರಿಲ್ಲದ ಗುಲಾಮರಲ್ಲ. ರಾಜರ ಕಣಿವೆಯ ಕುಶಲಕರ್ಮಿಗಳು ದೇರ್ ಅಲ್ ಮದೀನಾ ಎಂಬಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಸವಾಗಿದ್ದರು. ಅವರ ಮನೆಗಳ ಪಾಯ ಈಗಲೂ ಇದೆ. ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ ಕೂಲಿಯ ಧಾನ್ಯ ಬರಲಿಲ್ಲವೆಂದು ಕೆಲಸ ನಿಲ್ಲಿಸಿ ಧರಣಿ ಕೂತ ದಾಖಲೆಯೂ ಸಿಕ್ಕಿದೆ. ಅದೇ ಊರಿನ ಸೆನ್ನೆಜೆಮ್ ತನಗಾಗಿ ಮಾಡಿಕೊಂಡ ಗೋರಿಯನ್ನು ತಪ್ಪದೆ ನೋಡಿ. ಪರಲೋಕದ ಹೊಲದಲ್ಲಿ ಗಂಡ ಹೆಂಡತಿ ಬಿಳಿ ಹಬ್ಬದ ಬಟ್ಟೆ ಉಟ್ಟು ಉಳುತ್ತಿದ್ದಾರೆ, ಕೊಯ್ಯುತ್ತಿದ್ದಾರೆ.

ಬಣ್ಣದ ಬಗ್ಗೆ ಎರಡು ಮಾತು

ಗಂಡಸಿಗೆ ಕೆಂಪು ಮಿಶ್ರಿತ ಕಂದು, ಹೆಂಗಸಿಗೆ ತಿಳಿ ಹಳದಿ, ಇದು ರೂಢಿ. ಸತ್ತು ಮರುಜೀವ ಪಡೆದ ಒಸಿರಿಸ್‌ಗೆ ಹಸಿರು ಅಥವಾ ಕಪ್ಪು ಮೈ. ಹಸಿರು ಚಿಗುರಿನ ಬಣ್ಣವಾದರೆ ಕಪ್ಪು ನೈಲ್ ತಂದು ಹಾಕುವ ಮೆಕ್ಕಲು ಮಣ್ಣಿನದು. ಇಲ್ಲಿ ಕಪ್ಪು ಅಶುಭವಲ್ಲ, ಫಲವತ್ತು. ದೇವರ ಮಾಂಸ ಚಿನ್ನ, ಮೂಳೆ ಬೆಳ್ಳಿ ಎಂದು ಅವರ ನಂಬಿಕೆ.

ನೀಲಿಯನ್ನು ವಿಶೇಷವಾಗಿ ನೋಡಿ. ಮರಳು, ಸುಣ್ಣ, ತಾಮ್ರ ಮತ್ತು ಸ್ವಲ್ಪ ಕ್ಷಾರ ಬೆರೆಸಿ ಒಲೆಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟು ಮಾಡಿದ ಬಣ್ಣ ಅದು. ಮನುಷ್ಯ ತಾನೇ ತಯಾರಿಸಿದ ಅತಿ ಹಳೆಯ ಬಣ್ಣಗಳಲ್ಲಿ ಒಂದು. ಅದರ ಮೇಲೆ ಕೆಂಪು ಬೆಳಕು ಹಾಯಿಸಿದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊಮ್ಮಿಸುತ್ತದೆ. ಆದ್ದರಿಂದ ಪೂರ್ತಿ ಮಾಸಿಹೋದ ಕಡೆಯೂ ವಿಶೇಷ ಕ್ಯಾಮೆರಾದಲ್ಲಿ ಹಳೆಯ ನೀಲಿ ಬೆಳ್ಳಗೆ ಹೊಳೆಯುತ್ತದೆ.

ಹೆಜ್ಜೆ 5: ದೇವರನ್ನು ತಲೆ ನೋಡಿ ಗುರುತಿಸಿ

ಇದನ್ನು ಉದ್ದ ಮಾಡುವುದಿಲ್ಲ, ಏಕೆಂದರೆ ಎಲ್ಲರೂ ಇಲ್ಲಿಂದಲೇ ಶುರುಮಾಡಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನರಿತಲೆ ಅನುಬಿಸ್, ಹೆಣ ಸಂಸ್ಕಾರದವನು. ಉದ್ದ ಬಾಗಿದ ಕೊಕ್ಕಿನ, ನಮ್ಮ ಕೆಂಬರಲು ಜಾತಿಯ ಹಕ್ಕಿಯ ತಲೆ ಥೋತ್, ಬರಹಗಾರ. ಗಿಡುಗನ ತಲೆ ಹೋರಸ್. ಅದರ ಮೇಲೆ ಸೂರ್ಯಬಿಂಬವಿದ್ದರೆ ಹೆಚ್ಚಾಗಿ ರಾ. ಹಸುವಿನ ಕೊಂಬುಗಳ ನಡುವೆ ಬಿಂಬವಿದ್ದರೆ ಹಾಥೋರ್. ತಲೆಯ ಮೇಲೆ ಸಿಂಹಾಸನದ ಗುರುತು ಇದ್ದರೆ ಐಸಿಸ್. ಆದರೆ ಮುಂದಿನ ಕಾಲದಲ್ಲಿ ಐಸಿಸ್ ಕೂಡ ಹಾಥೋರ್‌ನ ಕೊಂಬು ಧರಿಸಿದಳು, ಆಗ ಪಕ್ಕದ ಹೆಸರೇ ಗತಿ. ಎರಡು ಎತ್ತರದ ಗರಿಗಳು ಕಾರ್ನಾಕ್‌ನ ದೇವರು ಆಮುನ್‌ನದು. ಮೈಯೆಲ್ಲ ಬಟ್ಟೆ ಸುತ್ತಿ, ಕುರುಬರ ಕೊಕ್ಕೆಕೋಲು ಹಿಡಿದವನು ಒಸಿರಿಸ್. ಸಿಂಹಿಣಿಯ ತಲೆ ಸೆಖ್ಮೆತ್.

ಇವರು ಮೃಗಗಳನ್ನು ಪೂಜಿಸುವ ಮೂಢರು ಎಂದು ಗ್ರೀಕರ ಕಾಲದಿಂದಲೂ ಹಗುರವಾಗಿ ಆಡಿದವರಿದ್ದಾರೆ. ನರಸಿಂಹ, ಗಣಪತಿಯರನ್ನು ಬಲ್ಲ ನಮಗೆ ಅಷ್ಟು ಅವಸರ ಬೇಡ. ದೇವರ ಸ್ವಭಾವವನ್ನು ಹೇಳುವ ಒಂದು ಬರಹ ಆ ತಲೆ, ಅಷ್ಟೇ.

ಹೆಜ್ಜೆ 6: ದೇವಾಲಯವನ್ನು ಹೊರಗಿನಿಂದ ಒಳಕ್ಕೆ ನಡೆದು ಓದಿ

ಕಾರ್ನಾಕ್‌ಗೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ನೆತ್ತಿಯ ಸೂರ್ಯ ಬಂದ ಮೇಲೆ ಹೊರಗೋಡೆಯ ಕೆತ್ತನೆಗಳು ಚಪ್ಪಟೆಯಾಗಿಬಿಡುತ್ತವೆ. ಓರೆ ಬಿಸಿಲಲ್ಲಿ ಮಾತ್ರ ಗೆರೆಗಳಿಗೆ ನೆರಳು ಕಟ್ಟುತ್ತದೆ.

ಟಗರುತಲೆಯ ಸಾಲು ಮೂರ್ತಿಗಳನ್ನು ದಾಟಿದರೆ ಎರಡು ಭಾರಿ ಗೋಪುರಗಳ ಹೆಬ್ಬಾಗಿಲು, ಅದನ್ನು ಪೈಲಾನ್ ಎನ್ನುತ್ತಾರೆ. ಎರಡು ಬೆಟ್ಟಗಳ ನಡುವೆ ಸೂರ್ಯ ಮೂಡುವ ಆಕಾರ ಅದು. ಬಾಗಿಲು ದಾಟಿ ಒಳಗೆ ಬಂದು ಬಲಕ್ಕೆ ಹಿಂದಿರುಗಿ ನೋಡಿ. ಗೋಪುರದ ಹಿಂಬದಿಗೆ ಹಸಿ ಇಟ್ಟಿಗೆಯ ದೊಡ್ಡ ದಿಬ್ಬ ಆತುಕೊಂಡಿದೆ. ಕಲ್ಲು ಮೇಲೇರಿಸಲು ಹಾಕಿದ ಇಳಿಜಾರು ಅದು. ಕಟ್ಟಡ ಮುಗಿಯಲಿಲ್ಲ, ದಿಬ್ಬವನ್ನು ತೆಗೆಯಲಿಲ್ಲ. "ಅಷ್ಟು ದೊಡ್ಡ ಕಲ್ಲನ್ನು ಹೇಗೆ ಏರಿಸಿದರು" ಎಂದು ಕೇಳಿ ಬೇರೆ ಗ್ರಹದವರ ಕತೆ ಹೇಳುವವರನ್ನು ಕರೆತಂದು ಇಲ್ಲಿ ನಿಲ್ಲಿಸಬೇಕು.

ಇನ್ನೊಂದು ವಿಷಯ. ಕಾರ್ನಾಕ್‌ನಲ್ಲಿ ಹೊರಗಿನದು ಹೊಸದು. ಈ ಮೊದಲ ಗೋಪುರ ಕ್ರಿ.ಪೂ. ನಾಲ್ಕನೇ ಶತಮಾನದ ಒಂದನೇ ನೆಕ್ಟನೆಬೊ ಕಾಲದ್ದು; ಒಳಗೆ ಹೋದಂತೆ ಕಾಲ ಹಿಂದಕ್ಕೆ ಸರಿಯುತ್ತ, ನಡುಭಾಗದಲ್ಲಿ ಕ್ರಿ.ಪೂ. ಇಪ್ಪತ್ತನೇ ಶತಮಾನದ ಒಂದನೇ ಸೆನುಸ್ರೆತ್‌ವರೆಗೆ ಮುಟ್ಟುತ್ತದೆ.

ಅಂಗಳದ ನಂತರ ಬರುವುದೇ ಕಂಬಗಳ ಮಂಟಪ. ಒಟ್ಟು 134 ಕಂಬಗಳು. ನಡುವಿನ 12 ಕಂಬಗಳ ಎತ್ತರ ಸುಮಾರು 21 ಮೀಟರ್. ಒಂದು ಕಂಬಕ್ಕೆ ಒರಗದೆ ಹತ್ತಿರ ನಿಂತು ಮೇಲೆ ನೋಡಿ. ನಡುಸಾಲಿನ ಕಂಬಗಳ ತಲೆ ಅರಳಿದ ಪಪೈರಸ್ ಹೂವು, ಅಕ್ಕಪಕ್ಕದವುಗಳದು ಮುಚ್ಚಿದ ಮೊಗ್ಗು. ನಡುವಿನ ಎತ್ತರದ ಚಾವಣಿಯ ಕಲ್ಲಿನ ಜಾಲಂದರಗಳಿಂದ ಬೆಳಕು ಬೀಳುತ್ತಿದ್ದುದು ನಡುಸಾಲಿಗೆ. ಬಿಸಿಲು ಬಿದ್ದಲ್ಲಿ ಹೂ ಅರಳಿದೆ. ಲೋಕ ಹುಟ್ಟುವ ಮೊದಲು ಎಲ್ಲೆಲ್ಲೂ ನೀರಿತ್ತು, ನೀರಿನಿಂದ ಒಂದು ದಿಬ್ಬ ಎದ್ದಿತು, ಸುತ್ತ ಜೊಂಡು ಬೆಳೆಯಿತು ಎಂಬುದು ಅವರ ಸೃಷ್ಟಿಯ ಕತೆ. ನೀವು ನಿಂತಿರುವುದು ಆ ಜೌಗಿನಲ್ಲಿ.

ಇಲ್ಲೇ ಒಂದು ಅಭ್ಯಾಸ ಮಾಡಿ. ಬಾಗಿಲಿಂದ ಬಂದವರ ಎಡಗೈ ಕಡೆ, ಅಂದರೆ ಉತ್ತರ ಭಾಗ, ರಾಜ ಒಂದನೇ ಸೇತಿ ಮಾಡಿಸಿದ್ದು. ಬಲಗಡೆಯದು ಅವನ ಮಗ ಎರಡನೇ ರಾಮ್ಸೆಸ್‌ನದು. ಸೇತಿಯ ಗೋಡೆಗಳಲ್ಲಿ ಹಿನ್ನೆಲೆಯನ್ನೆಲ್ಲ ಕೆತ್ತಿ ತೆಗೆದು ಆಕೃತಿಯನ್ನು ಉಬ್ಬಿಸಿದ್ದಾರೆ, ನವಿರು ಕೆಲಸ. ರಾಮ್ಸೆಸ್ ಕಡೆ ಹೆಚ್ಚಿನದು ಆಕೃತಿಯ ಅಂಚನ್ನೇ ಆಳಕ್ಕೆ ಕೊರೆದ ತಗ್ಗುಶಿಲ್ಪ. ಬೇಗ ಮುಗಿಯುತ್ತದೆ, ಅಳಿಸುವುದು ಕಷ್ಟ. ಎರಡರ ನಡುವೆ ನಾಲ್ಕು ಸಲ ಓಡಾಡಿದರೆ ತಂದೆಯ ಕಾಲದ ಕೈ ಯಾವುದು, ಮಗನ ಕಾಲದ್ದು ಯಾವುದು ಎಂದು ದೂರದಿಂದಲೇ ಹೇಳುವಿರಿ.

ಮುಂದೆ ಹೋದಂತೆ ನೆಲ ಸ್ವಲ್ಪ ಸ್ವಲ್ಪ ಏರುತ್ತದೆ, ಚಾವಣಿ ಇಳಿಯುತ್ತದೆ, ಬೆಳಕು ಕುಗ್ಗುತ್ತದೆ. ಕಾರ್ನಾಕ್‌ನ ಒಳಭಾಗ ಬಹಳ ಹಾಳಾಗಿದೆ. ಈ ಅನುಭವ ಪೂರ್ತಿಯಾಗಿ ಬೇಕಾದರೆ ಎಡ್ಫುವಿನ ಹೋರಸ್ ದೇವಾಲಯಕ್ಕೆ ಹೋಗಬೇಕು. ಕ್ರಿ.ಪೂ. 237ರಲ್ಲಿ ಶುರುವಾಗಿ ಕ್ರಿ.ಪೂ. 57ರಲ್ಲಿ ಮುಗಿದ ಆ ಗುಡಿ ಚಾವಣಿ ಸಮೇತ ಉಳಿದಿದೆ. ಕೊನೆಗೆ ಕತ್ತಲ ಗರ್ಭಗುಡಿ. ಬೆಳಗ್ಗೆ ಪುರೋಹಿತ ಮಣ್ಣಿನ ಮುದ್ರೆ ಒಡೆದು ಬಾಗಿಲು ತೆರೆದು, ಮೂರ್ತಿಗೆ ಎಣ್ಣೆ ಸವರಿ, ಬಟ್ಟೆ ಉಡಿಸಿ, ಊಟ ಇಡುತ್ತಿದ್ದ. ದೇವರು ಉಂಡ ಮೇಲೆ ಆ ಅನ್ನ ಪುರೋಹಿತರ ಪಾಲಿಗೆ. ಹೊರಡುವಾಗ ತನ್ನ ಹೆಜ್ಜೆಗುರುತನ್ನು ಗುಡಿಸಿ ಬರುತ್ತಿದ್ದ.

ನಮಗೆ ಇದೆಲ್ಲ ಮನೆಯ ಮಾತಿನಂತೆ ಕೇಳಿಸುತ್ತದೆ, ನಿಜ. ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು: ಜನಸಾಮಾನ್ಯರಿಗೆ ಆ ಮೂರ್ತಿಯ ದರ್ಶನವೇ ಇರಲಿಲ್ಲ. ಹಬ್ಬದ ದಿನ, ಓಪೆತ್ ಉತ್ಸವದಲ್ಲಿ ಪುರೋಹಿತರು ದೇವರ ದೋಣಿಯನ್ನು ಹೆಗಲ ಮೇಲೆ ಹೊತ್ತು ಲಕ್ಸರ್ ಗುಡಿಗೆ ಒಯ್ಯುವಾಗಲೂ ಮೂರ್ತಿ ಪರದೆಯ ಹಿಂದೆಯೇ. ಬಡವರಿಗಾಗಿ ಕಾರ್ನಾಕ್‌ನ ಹಿಂಗೋಡೆಯಾಚೆ, ಪೂರ್ವದಲ್ಲಿ, 'ಮೊರೆ ಕೇಳುವ ಆಮುನ್' ಗುಡಿ ಇತ್ತು. ಅಂಥ ಕಡೆ ಜನ ಕಿವಿಗಳ ಚಿತ್ರ ಕೆತ್ತಿದ ಪುಟ್ಟ ಕಲ್ಲುಗಳನ್ನು ಹರಕೆಯಾಗಿ ಇಡುತ್ತಿದ್ದರು. ದೇವರಿಗೆ ಕೇಳಿಸಲಿ ಎಂದು ಕೆತ್ತಿದ ಕಿವಿಗಳು. ಮ್ಯೂಸಿಯಂಗಳಲ್ಲಿ ಇಂಥ ಕಲ್ಲು ಕಂಡರೆ ದಾಟಿ ಹೋಗಬೇಡಿ.

ಹೆಜ್ಜೆ 7: ಒಡೆದದ್ದನ್ನೂ ಓದಿ

ಮುಖ ಕೆತ್ತಿ ಹಾಕಿದ್ದರೆ ಕಾಲ ಹಾಳುಮಾಡಿತು ಎಂದು ಮುಂದೆ ಹೋಗಬೇಡಿ. ಯಾರು, ಏನನ್ನು, ಎಷ್ಟನ್ನು ಕೆತ್ತಿದರು ಎಂದು ನೋಡಿ. ಕ್ರಿ.ಪೂ. 14ನೇ ಶತಮಾನದಲ್ಲಿ ಅಖೆನಾತೆನ್ ಸೂರ್ಯಬಿಂಬ ಒಂದನ್ನೇ ಪೂಜಿಸಬೇಕೆಂದು ಹೊರಟಾಗ ಅವನ ಜನ ಆಮುನ್ ಹೆಸರನ್ನು ಹುಡುಕಿ ಹುಡುಕಿ ಅಳಿಸಿದರು. ನೆಬಾಮುನ್ ಎಂದರೆ 'ನನ್ನೊಡೆಯ ಆಮುನ್'. ಪಾಪ, ಅವನ ಸ್ವಂತ ಗೋರಿಯಲ್ಲಿ ಅವನ ಹೆಸರಿಗೇ ಉಳಿ ಬಿದ್ದಿದೆ.

ಹತ್‌ಶೆಪ್ಸುತ್ ರಾಣಿಯದು ಇನ್ನೊಂದು ಬಗೆ. ಅವಳು ಫೇರೋ (ಈಜಿಪ್ಟಿನ ರಾಜ) ಆಗಿ ಗಡ್ಡ ಧರಿಸಿ ಗಂಡಸಿನ ರೂಪದಲ್ಲಿ ಚಿತ್ರಿಸಿಕೊಂಡಳು, ಆದರೆ ಪಕ್ಕದ ಬರಹದಲ್ಲಿ ಹಲವೆಡೆ ಸ್ತ್ರೀಲಿಂಗದ ಪ್ರತ್ಯಯವಿದೆ: ಅರ್ಧಚಂದ್ರದಂಥ ಪುಟ್ಟ ರೊಟ್ಟಿಯ ಗುರುತು. ದೇರ್ ಅಲ್ ಬಹರಿಯ ಅವಳ ಗುಡಿಯಲ್ಲಿ ಆ ರೊಟ್ಟಿಯನ್ನು ಹುಡುಕಿ. ಅವಳ ಚಿತ್ರಗಳನ್ನು ಮೂರನೇ ತುತ್ಮೋಸ್ ಅಳಿಸಿಹಾಕಿದ್ದು ಅವಳು ಸತ್ತ ಕೂಡಲೇ ಅಲ್ಲ, ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ. ಬರೀ ಕೋಪವಾಗಿದ್ದರೆ ಅಷ್ಟು ಕಾಯುತ್ತಿರಲಿಲ್ಲ. ಚಿತ್ರ ಕೆಲಸ ಮಾಡುತ್ತದೆ ಎಂದು ನಂಬಿದವರೇ ಅಳಿಸುವುದಕ್ಕೂ ಇಷ್ಟು ಶ್ರಮ ಪಡುತ್ತಾರೆ. ಮೂರನೇ ರಾಮ್ಸೆಸ್ ಮೆದಿನೆತ್ ಹಾಬುವಿನ ತನ್ನ ಗುಡಿಯಲ್ಲಿ ಹೆಸರನ್ನು ಕೈ ತೂರಿಸುವಷ್ಟು ಆಳಕ್ಕೆ ಕೊರೆಸಿದ್ದು ಸುಮ್ಮನೆ ಅಲ್ಲ.

ಹೆಜ್ಜೆ 8: ಮನೆಯಲ್ಲಿ ಕೂತು ಎರಡು ಚಿತ್ರ ಓದಿ

ಈಜಿಪ್ಟಿಗೆ ಹೋಗಲು ಆಗದವರಿಗೂ ದಾರಿಯಿದೆ. ಹೈದರಾಬಾದ್, ಮುಂಬೈ, ಜೈಪುರ, ಕೋಲ್ಕತ್ತ, ವಡೋದರದ ಮ್ಯೂಸಿಯಂಗಳಲ್ಲಿ ಮಮ್ಮಿಗಳಿವೆ. ಗೋಡೆಚಿತ್ರಗಳಿಗೆ ಅಂತರ್ಜಾಲವೇ ಸಾಕು: ನೀನಾ ಮತ್ತು ನಾರ್ಮನ್ ಡೇವಿಸ್ ದಂಪತಿ ಇಪ್ಪತ್ತನೇ ಶತಮಾನದ ಮೊದಲಲ್ಲಿ ಗೋರಿಗಳೊಳಗೆ ಕೂತು ಬರೆದ ನಕಲು ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ.

ಮೊದಲ ಅಭ್ಯಾಸ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ನೆಬಾಮುನ್‌ನ ತೋಟದ ಕೊಳ. ಕೊಳದ ಅಂಚನ್ನು ಮೇಲಿನಿಂದ ಕಂಡಂತೆ ಆಯತಾಕಾರವಾಗಿ ಬರೆದಿದ್ದಾರೆ, ಆದರೆ ಮೀನು, ಬಾತು, ನೈದಿಲೆ, ಮರ ಎಲ್ಲವೂ ಪಕ್ಕದಿಂದ ಕಂಡಂತಿವೆ. ಒಂದು ಬದಿಯ ಮರಗಳು ಅಡ್ಡಡ್ಡ ಮಲಗಿದಂತೆ ಕಾಣುತ್ತವೆ. ದೇಹ ಬಿಡಿಸಿದ ಮೇಲೆ ಇದು ವಿಚಿತ್ರ ಅನ್ನಿಸುವುದಿಲ್ಲ. ಪ್ರತಿ ವಸ್ತುವೂ ತನ್ನ ಗುರುತು ಸಿಗುವ ಕೋನದಲ್ಲಿದೆ. ಮೂಲೆಯ ಮರದೊಳಗಿಂದ ಒಬ್ಬ ದೇವತೆ ಹಣ್ಣು ನೀಡುತ್ತಿದ್ದಾಳೆ, ಅಲ್ಲಿಗೆ ಇದು ಬರೀ ಮನೆಯ ಹಿತ್ತಿಲಲ್ಲ ಎಂದು ತಿಳಿಯುತ್ತದೆ. ಅದೇ ಗೋರಿಯ ಜೌಗಿನ ಬೇಟೆಯ ಚಿತ್ರದಲ್ಲಿ ಹಕ್ಕಿ ಹಿಡಿಯುವ ಬೆಕ್ಕಿದೆ. ಅದರ ಕಣ್ಣಿಗೆ ಚಿನ್ನದ ರೇಕು ಹಚ್ಚಿದ್ದಾರೆ.

ಎರಡನೆಯದು, ಅಲ್ಲೇ ಇರುವ, ಅಧಿಕಾರಿ ಹುನೆಫರ್‌ನ ಪಪೈರಸ್, ಸುಮಾರು ಕ್ರಿ.ಪೂ. 1275ರದು. ಎಡದಿಂದ ಬಲಕ್ಕೆ ಓದಿ. ಅನುಬಿಸ್ ಸತ್ತವನ ಕೈಹಿಡಿದು ಕರೆತರುತ್ತಾನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅವನ ಹೃದಯ, ಇನ್ನೊಂದರಲ್ಲಿ ಮಾತ್‌ನ ಗರಿ. ಮಮ್ಮಿ ಮಾಡುವಾಗ ಮಿದುಳನ್ನು ಮೂಗಿನಿಂದ ಎಳೆದು ಬಿಸಾಡಿದವರು ಹೃದಯವನ್ನು ಮಾತ್ರ ಒಳಗೇ ಬಿಡುತ್ತಿದ್ದುದು ಈ ತೂಕಕ್ಕಾಗಿ. ಬುದ್ಧಿ, ನೆನಪು, ನಡತೆ ಎಲ್ಲ ಹೃದಯದಲ್ಲಿ ಎಂದು ಅವರ ನಂಬಿಕೆ. ಪಕ್ಕದಲ್ಲಿ ಮೊಸಳೆಯ ತಲೆ, ಸಿಂಹದ ಮುಂಗಾಲು, ನೀರುಕುದುರೆಯ ಹಿಂಭಾಗದ ಅಮ್ಮಿತ್ ಬಾಯಿ ತೆರೆದು ಕಾದಿದೆ. ತಪ್ಪಿತಸ್ಥನ ಹೃದಯ ಅದರ ಪಾಲು. ಥೋತ್ ಬರೆದುಕೊಳ್ಳುತ್ತಾನೆ, ಹೋರಸ್ ಕರೆದೊಯ್ಯುತ್ತಾನೆ, ಕೊನೆಗೆ ಮಂಟಪದಲ್ಲಿ ಕೂತ ಒಸಿರಿಸ್, ಹಿಂದೆ ಐಸಿಸ್ ಮತ್ತು ಅವಳ ಸೋದರಿ ನೆಫ್ತಿಸ್.

ಈಗ ಮೊದಲ ಪ್ರಶ್ನೆ ಕೇಳಿ. ಇದರ ಕೆಲಸವೇನು? ವಿಚಾರಣೆ ನಡೆಯುವ ಮೊದಲೇ ತೀರ್ಪನ್ನು ಬರೆದು ಕೈಗೆ ಕೊಟ್ಟಿದ್ದಾರೆ! ಇಂಥ ಸುರುಳಿಗಳಲ್ಲಿ ಅಮ್ಮಿತ್ ಕಾಯುತ್ತಲೇ ಇರುತ್ತದೆ, ಸುರುಳಿಯ ಒಡೆಯನ ಹೃದಯ ಅದರ ಬಾಯಿಗೆ ಬೀಳುವುದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ತಯಾರಿಸಿಟ್ಟ ಸುರುಳಿಗಳೂ ಸಿಕ್ಕಿವೆ. ಕೊಂಡವನ ಹೆಸರು ಆಮೇಲೆ ತುಂಬುತ್ತಿದ್ದರು.

ಕೊನೆಯ ಹೆಜ್ಜೆ: ಗಟ್ಟಿಯಾಗಿ ಓದಿ

ಚಿತ್ರಲಿಪಿಯಲ್ಲಿ ಕೆಲವೇ ಗುರುತು ಕಲಿತರೂ ನೂರಾರು ಕಲ್ಲುಗಳು ಮಾತಾಡತೊಡಗುತ್ತವೆ. ಹಗ್ಗದ ಉದ್ದುಂಡೆ ಸುತ್ತಿನೊಳಗೆ ಇರುವುದು ರಾಜನ ಹೆಸರು. ಅದರ ಮುಂದೆ ಜೊಂಡುಗಿಡ ಮತ್ತು ಜೇನುಹುಳು ಇದ್ದರೆ ಪಟ್ಟಕ್ಕೆ ಬಂದಾಗಿನ ಹೆಸರು, ಬಾತು ಮತ್ತು ಸೂರ್ಯ ಇದ್ದರೆ ಹುಟ್ಟು ಹೆಸರು. ಸುತ್ತಿನೊಳಗೆ ದೇವರ ಹೆಸರಿದ್ದರೆ ಗೌರವಕ್ಕೆ ಅದನ್ನು ಮೊದಲು ಬರೆಯುತ್ತಾರೆ, ಓದುವಾಗ ಕೊನೆಗೆ ಬರಬಹುದು. ಸೂರ್ಯ, ಹಲ್ಲುಹಲ್ಲಾದ ಆಟದ ಮಣೆ, ಸಗಣಿ ಹುಳ ಎಂಬ ಮೂರು ಗುರುತು ಕಂಡರೆ ಓದುವುದು 'ಮೆನ್-ಖೆ‌ಪೆರ್-ರಾ', ಅಂದರೆ ಮೂರನೇ ತುತ್ಮೋಸ್.

ಇನ್ನು ಸಾಮಾನ್ಯರ ಕಲ್ಲು. ಎಡೆಯ ಮುಂದೆ ಕೂತ ಗಂಡ ಹೆಂಡತಿ, ಮೇಲೆ ಬರಹ. ಅದು ಬಹುಪಾಲು ಒಂದು ಜೊಂಡುಗಿಡ, ಚಾಪೆಯ ಮೇಲೆ ಇಟ್ಟ ರೊಟ್ಟಿ, ತ್ರಿಕೋನದ ರೊಟ್ಟಿ ಇವುಗಳಿಂದ ಶುರುವಾಗುತ್ತದೆ: 'ಹೆತೆಪ್ ದಿ ನೇಸು', ರಾಜ ನೀಡುವ ಎಡೆ. ಮುಂದೆ ಒಸಿರಿಸ್ ಅಥವಾ ಅನುಬಿಸ್ ಹೆಸರು. ಆಮೇಲೆ ರೊಟ್ಟಿ, ಬಿಯರ್ ಗಡಿಗೆ, ಎತ್ತಿನ ತಲೆ, ಬಾತಿನ ತಲೆ, ಬಟ್ಟೆ. ಪಕ್ಕದಲ್ಲಿ ನೈದಿಲೆ ಗಿಡದ ಗುರುತು ಇದ್ದರೆ 'ಸಾವಿರ' ಎಂದು ಅರ್ಥ. ಕೊನೆಗೆ 'ಇಂಥವನ ಕಾ‌ಗೆ' ಎಂಬ ಮಾತು, ಎತ್ತಿದ ಎರಡು ತೋಳುಗಳ ಗುರುತು. ಕಾ ಎಂದರೆ ಉಣ್ಣುವ ಜೀವಶಕ್ತಿ. ಅದರ ಹಿಂದೆಯೇ ಹೆಸರು.

ಕೆಲವು ಗೋರಿಗಳಲ್ಲಿ ಇದರ ಜೊತೆ ದಾರಿಹೋಕರಿಗೆ ಒಂದು ಮನವಿಯೂ ಇರುತ್ತದೆ: ಭೂಮಿಯ ಮೇಲೆ ಬದುಕಿರುವವರೇ, ಈ ಗೋರಿಯ ಪಕ್ಕ ಹಾಯುವವರೇ, ಕೈಯಲ್ಲಿ ಏನೂ ಇಲ್ಲದಿದ್ದರೆ ಬಾಯಲ್ಲಾದರೂ ಹೇಳಿ, ಅದಕ್ಕೆ ಬೇಕಾದದ್ದು ಉಸಿರೊಂದೇ. ಮಾತು ಹೊರಟರೆ ಸಾಕು, ಎಡೆ ಸಿದ್ಧವಾಯಿತು ಎಂದು ಅವರು ನಂಬಿದ್ದರು.

ಮುಂದಿನ ಸಲ ಅಂಥ ಕಲ್ಲಿನ ಎದುರು ನಿಂತಾಗ, ಮುಟ್ಟದೆ, ಫ್ಲಾಶ್ ಹಾಕದೆ, ಫಲಕದಲ್ಲಿ ಬರೆದ ಹೆಸರನ್ನು ಒಮ್ಮೆ ನೋಡಿಕೊಂಡು, ಪಕ್ಕದವರಿಗೆ ಕೇಳಿಸಿದರೂ ಪರವಾಗಿಲ್ಲ, ಕನ್ನಡದಲ್ಲೇ ಹೇಳಿ: ಸಾವಿರ ರೊಟ್ಟಿ, ಸಾವಿರ ಗಡಿಗೆ ಬಿಯರ್, ಸಾವಿರ ಎತ್ತು, ಸಾವಿರ ಬಾತು, ಸಾವಿರ ಬಟ್ಟೆ. ಆಮೇಲೆ ಅವರ ಹೆಸರು.